ಅಂಟು ಬಿಡಿಸಿದ ಗಾಜು

ಬೆಟ್ಟದ ವೀಕ್ಷಣಾಲಯ
೧೮ ಜೂನ್ ೧೯೭೨

ವೀರಕ್ಕನಿಗೆ ಸುವರ್ಣಳ ನಮಸ್ಕಾರ.

'ಒಲೆಯ ಬಿಟ್ಟವಳಿಗೆ ಉರಿಯುಂಟೇನೆ'. ಅವ್ವ ಬೀಸುವಾಗ ಹೇಳುತ್ತಿದ್ದ ಸಾಲು ಹೀಗೇ ಇತ್ತೇ? ಮಳೆ ಹಿಡಿದಾಗಿನಿಂದ ನಾಲಿಗೆಯ ತುದಿಯಲ್ಲಿ ಕೂತಿದೆ, ಮುಂದಿನ ಸಾಲು ಬರುತ್ತಿಲ್ಲ. ನನ್ನ ಬಳಿಯಿರುವ ಕವಿತೆಯ ಪುಸ್ತಕಗಳನ್ನೆಲ್ಲ ತಿರುವಿ ಹಾಕಿದೆ. ಅವ್ವನ ಹಾಡು ಯಾವ ಪುಸ್ತಕದಲ್ಲಿ ಸಿಗಬೇಕು? ಕೇಳಲು ಚೆನ್ನಾಗಿದೆ, ಆದರೆ ನಿಜವೇ? ಒಲೆಯಿಂದ ದೂರ ಸರಿದರೆ ಕಾವು ಕಡಿಮೆಯಾಗಬೇಕು, ಅದು ಅಡುಗೆಮನೆಯ ಲೆಕ್ಕ. ಸೂರ್ಯನ ಲೆಕ್ಕ ಹಾಗಿಲ್ಲ. ಅದರ ಮೈಯಿಂದ ಮೇಲಕ್ಕೆ ಹೋದರೆ ಸ್ವಲ್ಪ ದೂರ ತಣ್ಣಗಾಗುತ್ತದೆ, ಆಮೇಲೆ ಸುತ್ತಲಿನ ಗಾಳಿ ಮೈಗಿಂತ ಹೆಚ್ಚು ಕಾಯುತ್ತದೆ. ಯಾಕೆ ಅಂತ ಇವತ್ತಿಗೂ ಯಾರೂ ಗಟ್ಟಿಯಾಗಿ ಹೇಳಿಲ್ಲ. ಒಲೆ ಬಿಟ್ಟು ಇಷ್ಟು ವರ್ಷವಾದರೂ ನನಗೂ ಉರಿ ತಪ್ಪಿಲ್ಲ ಅನ್ನುವುದು ಬೇರೆ ಮಾತು.

ವಿಷಯಕ್ಕೆ ಬರುತ್ತೇನೆ. ಇಲ್ಲಿ ಮಳೆಗಾಲದಲ್ಲಿ ಎಲ್ಲದಕ್ಕೂ ಬೂಷ್ಟು ಹಿಡಿಯುತ್ತದೆ. ಚಪ್ಪಲಿಗೆ, ಪುಸ್ತಕಕ್ಕೆ, ನನ್ನ ಗಾಜುಗಳಿಗೆ. ನಮ್ಮ ಮುಖ್ಯಸ್ಥರ ಹತ್ತಿರ ಹೋಗಿ, ಒಣಗಿದ ಜಾಗದಲ್ಲಿ ಒಂದು ಬೀರು ಕೊಡಿ ಎಂದು ಕೇಳಿದೆ. "ಎಲ್ಲರದ್ದೂ ನೆನೆಯುತ್ತಿದೆ, ನಿಮ್ಮದೇನು ವಿಶೇಷ?" ಎಂದರು. ಅವರ ಕೋಣೆಯಲ್ಲಿ ಎರಡು ಬೀರುಗಳಿವೆ. ಒಂದರಲ್ಲಿ ಟೆನಿಸ್ ಬ್ಯಾಟು ಬೆಚ್ಚಗೆ ಮಲಗಿದೆ.

ಭಾವನವರ ನೂಲನ್ನು ಸೇಲಂಗೆ ತರುವ ಮಾದಸ್ವಾಮಿಯ ಕೈಯಲ್ಲಿ ಒಂದು ಟ್ರಂಕು ಕೊಟ್ಟು ಕಳಿಸುತ್ತಿದ್ದೇನೆ. ನಿಮ್ಮ ರೇಷ್ಮೆಗೂಡಿನ ಕೋಣೆಯಷ್ಟು ಒಣಗಿದ ಜಾಗ ನನಗೆ ಇನ್ನೆಲ್ಲೂ ಗೊತ್ತಿಲ್ಲ. ಮಳೆ ಮುಗಿಯುವವರೆಗೆ ಅಲ್ಲಿರಲಿ. ಒಳಗೆ ಗಾಜಿದೆ, ನಾಲ್ಕು ವರ್ಷದ ಕೆಲಸ ಅದು. ಏನೆಂದು ವಿವರಿಸಲು ಕೂತರೆ ಕಾಗದ ಸಾಲದು, ನಿನಗೂ ಬೇಸರ. ಯಾರೂ ಮುಟ್ಟದಂತೆ ನೋಡಿಕೊ, ಅಷ್ಟು ಸಾಕು.

ನಿನ್ನ ತಂಗಿ,
ಸುವರ್ಣ


ಕೊಳ್ಳೇಗಾಲ
೯ ಜುಲೈ ೧೯೭೨

ಚಿ. ಸುವರ್ಣಳಿಗೆ ಅಕ್ಕನ ಆಶೀರ್ವಾದ.

ಟ್ರಂಕು ಬಂತು. ಮಾದಸ್ವಾಮಿ ಮೇಟ್ಟೂರಿನ ಮೇಲೆ ಬಂದನಂತೆ. ಕೌದಳ್ಳಿಯಲ್ಲಿ ಬಸ್ಸು ಕೆಟ್ಟು ನಿಂತು, ಹನೂರಿಗೆ ಬರುವಷ್ಟರಲ್ಲಿ ಕತ್ತಲಾಗಿತ್ತು. ದಾರಿಯುದ್ದಕ್ಕೂ ಟ್ರಂಕನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದಿದ್ದಾನೆ. "ಅಮ್ಮಾರೆ, ತುಂಬಿದ್ ಬಸ್ರೀನ ಕರ್ಕಬಂದಂಗಾಯ್ತು. ಒಂದೊಂದು ಅಳ್ಳಕ್ಕೂ ಮಾದಪ್ಪಾ ಮಾದಪ್ಪಾ ಅಂತಿದ್ದಿ," ಅಂದ. ಕಂಡಕ್ಟರು "ಏನ್ಲಾ ಅದು, ಚಿನ್ನವಾ?" ಅಂತ ಕೇಳಿದನಂತೆ. ಇವನು "ಚಿನ್ನ ಅಲ್ಲ ಕಣ್ಲಾ, ಚುಕ್ಕಿ. ಆಕಾಸದ್ ಚುಕ್ಕಿ," ಅಂದನಂತೆ. "ಅಂಗಾರೆ ಚುಕ್ಕಿಗೂ ಒಂದು ಟಿಕೆಟ್ ತಕಾ," ಅಂದನಂತೆ ಅವನು. ನಿಮ್ಮ ಭಾವ ಊಟ ಬಿಟ್ಟು ನಕ್ಕರು.

ಟ್ರಂಕನ್ನು ಗೂಡಿನ ಕೋಣೆಯ ಮೇಲಟ್ಟದಲ್ಲಿ ಇಟ್ಟಿದ್ದೇನೆ. ಮುಟ್ಟಬೇಡ ಅಂತ ಬರೆದಿದ್ದೀಯ. ಮುಟ್ಟಿದರೆ ಏನಾಗುತ್ತೆ ಅಂತ ಬರೆದಿಲ್ಲ. ನನಗೆ ಬೇಸರ ಆಗುತ್ತೆ ಅಂತ ನಿನಗೆ ಹೇಳಿದವರು ಯಾರು? ಮಧ್ಯಾಹ್ನದ ಹೊತ್ತು ರೇಷ್ಮೆ ನೂಲಿನ ಲಡಿ ಬಿಡಿಸುತ್ತಾ ಕೂತಾಗ ನಿನ್ನ ಕಾಗದವನ್ನೇ ಎರಡೆರಡು ಸಲ ಓದುತ್ತೇನೆ, ಬೇರೆ ಏನು ಓದಲಿ?

ಅವ್ವನ ಹಾಡಿನ ಮುಂದಿನ ಸಾಲು ನನಗೂ ಗೊತ್ತಿಲ್ಲ. ಅವಳು ಅಲ್ಲಿಗೇ ನಿಲ್ಲಿಸಿ ಹಿಟ್ಟು ತೋಡಿಕೊಳ್ಳುತ್ತಿದ್ದಳು. ಮತ್ತೆ ಗೂಟ ಹಿಡಿದರೆ ಬೇರೆ ಹಾಡು.

ಷಡಕ್ಷರಿಗೆ ಯಳಂದೂರಿನ ಹೆಣ್ಣು ಒಪ್ಪಿಗೆಯಾಗಿದೆ. ಮಾಘದಲ್ಲಿ ಮದುವೆ. ಚಿಕ್ಕಮ್ಮ ಬರದಿದ್ದರೆ ನಾನು ಹಸೆಮಣೆ ಹತ್ತುವುದಿಲ್ಲ ಅಂತ ಹುಡುಗ ಕೂತಿದ್ದಾನೆ. ಈಗಲೇ ರಜ ಬರೆದು ಹಾಕು.

ಇಂತಿ,
ವೀರಮ್ಮ


ಬೆಟ್ಟದ ವೀಕ್ಷಣಾಲಯ
೨೪ ಸೆಪ್ಟೆಂಬರ್ ೧೯೭೨

ವೀರಕ್ಕ,

ಕೋಪ ಇಳಿದ ಮೇಲೆ ಬರೆಯೋಣವೆಂದು ಕಾದೆ. ಇಳಿಯಲಿಲ್ಲ. ಕೋಪದಲ್ಲೇ ಬರೆಯುತ್ತಿದ್ದೇನೆ, ಓದಿಕೊ.

ನಾನು ಮಾಡುವ ಕೆಲಸ ಇಷ್ಟು. ನಮ್ಮ ಸೂರ್ಯ ತನ್ನ ಸುತ್ತ ತಾನು ಒಂದು ಸಲ ತಿರುಗಲು ಹೆಚ್ಚುಕಡಿಮೆ ಒಂದು ತಿಂಗಳು ಬೇಕು. ನಾನು ನೋಡುವ ನಕ್ಷತ್ರಕ್ಕೆ ಮೂರು ದಿನವೂ ಬೇಡ. ಅದಕ್ಕೆ ಮಗ್ಗುಲಲ್ಲೇ ಒಂದು ಜೊತೆ ನಕ್ಷತ್ರವಿದೆ. ಎರಡೂ ಒಂದನ್ನೊಂದು ಬಿಗಿಯಾಗಿ ಹಿಡಿದು ತಿರುಗಿಸುತ್ತವೆ. ಹಾಗೆ ಜೋರಾಗಿ ತಿರುಗುವ ನಕ್ಷತ್ರದೊಳಗಿನ ಕುದಿತ ಕಾಂತಶಕ್ತಿಯನ್ನು ಹುಟ್ಟಿಸುತ್ತದೆ. ಎಳೆ ತಿರುಗಿದಷ್ಟೂ ಹುರಿ ಬಿಗಿಯುವುದಿಲ್ಲವೇ, ಹಾಗೆ ಅದು ಬಿಗಿದುಕೊಳ್ಳುತ್ತದೆ. ಆ ಬಿಗಿತವೇ ನಕ್ಷತ್ರದ ಮೇಲಿನ ಗಾಳಿಯನ್ನು ಕಾಯಿಸುತ್ತದೆ ಅನ್ನುವುದು ನನ್ನ ವಾದ. ಕಾದಿದ್ದು ಗೊತ್ತಾಗುವುದು ಹೇಗೆ? ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದರೆ ನೇರಳೆಯ ತುದಿಯಲ್ಲಿ ಕ್ಯಾಲ್ಸಿಯಂ ಮಾಡಿದ ಎರಡು ಕತ್ತಲೆಯ ಕಂದಕಗಳು ಕಾಣುತ್ತವೆ. ಕಂದಕದ ತಳದಲ್ಲಿ ಒಂದು ಹೊಳಪು ಎದ್ದು ನಿಂತರೆ ಮೇಲೆ ಕಾದಿದೆ ಎಂದು ಅರ್ಥ. ನಿಧಾನವಾಗಿ ತಿರುಗುವ ನಕ್ಷತ್ರದಲ್ಲಿ ಆ ಹೊಳಪು ಇದ್ದೂ ಇಲ್ಲದ ಹಾಗೆ. ನನ್ನದರಲ್ಲಿ ಬಾವಿಯ ತಳದಲ್ಲಿ ದೀಪ ಹಚ್ಚಿಟ್ಟ ಹಾಗೆ.

ಇದನ್ನು ಮೊನ್ನೆ ಎಲ್ಲರ ಮುಂದೆ ಹೇಳಿದೆ. ಮುಖ್ಯಸ್ಥರು ಪೈಪು ಕೊಡವುತ್ತಾ ಕೇಳಿ, "ಸುವರ್ಣಮ್ಮನವರೇ, ಆ ಹೊಳಪು ನಕ್ಷತ್ರದ್ದಲ್ಲ. ಗಾಜಿಗೆ ಹಿಡಿದಿರುವ ಅಂಟಿನದು. ಅಂಟಿನಲ್ಲಿ ದೋಷವಿದ್ದರೆ ಇಲ್ಲದ ದೀಪಗಳೂ ಕಾಣಿಸುತ್ತವೆ," ಎಂದರು. ಆಮೇಲೆ ಪಕ್ಕದಲ್ಲಿದ್ದವರ ಕಡೆ ತಿರುಗಿ, "ಒಂದು ವಯಸ್ಸು ದಾಟಿದ ಮೇಲೆ ಕಣ್ಣಿಗೂ ಕಾಣಿಸುತ್ತವೆ," ಎಂದರು. ನಕ್ಕರು. ನನಗಿಂತ ಇಪ್ಪತ್ತು ವರ್ಷ ಚಿಕ್ಕವರೂ ನಕ್ಕರು. ಅವರಿಗೆ ಗಾಜನ್ನು ಹಿಡಿಯುವುದನ್ನು ಕಲಿಸಿದವಳು ನಾನು.

ನಾಲ್ಕು ವರ್ಷದಿಂದ ಇದೇ. ಅಂಟು, ಅಂಟು, ಅಂಟು. ಈ ಅಂಟಿನ ನೆಪ ಒಂದಿಲ್ಲದಿದ್ದರೆ ಅವರ ಬಾಯಲ್ಲಿ ಇನ್ನೊಂದು ಮಾತಿರುವುದಿಲ್ಲ.

ಡಿಸೆಂಬರಿನಲ್ಲಿ ಹೊರಗಿನಿಂದ ಒಂದು ಸಮಿತಿ ಬರುತ್ತದೆ. ದೂರದರ್ಶಕವನ್ನು ಮುಂದೆ ಯಾರ ಕೈಗೆ ಕೊಡಬೇಕೆಂದು ಅವರು ತೀರ್ಮಾನಿಸುತ್ತಾರೆ. ಒಂದು ಗಾಜಿನಲ್ಲಿ ನನ್ನ ವೇಗದ ನಕ್ಷತ್ರವನ್ನೂ ಒಂದು ನಿಧಾನದ ನಕ್ಷತ್ರವನ್ನೂ ಒಂದೇ ರಾತ್ರಿ, ಒಂದರ ಕೆಳಗೆ ಒಂದು ಹಿಡಿದಿಟ್ಟಿದ್ದೇನೆ. ಎರಡಕ್ಕೂ ಅಂಟು ಒಂದೇ. ಹೊಳಪು ಒಂದರಲ್ಲಿ ಮಾತ್ರ. ಅಂಟಿನ ದೋಷ ಮೇಲಿನದಕ್ಕೆ ಮಾತ್ರ ಯಾಕೆ ಬಂತು ಎಂದು ಕೇಳುತ್ತೇನೆ. ಉತ್ತರ ಹೇಳಲಿ. ಟ್ರಂಕನ್ನು ತೆಗೆದುಕೊಂಡು ಹೋಗಲು ನಾನೇ ಬರುತ್ತೇನೆ.

ಸುವರ್ಣ


ಕೊಳ್ಳೇಗಾಲ
೧೨ ನವೆಂಬರ್ ೧೯೭೨

ಚಿ. ಸುವರ್ಣಳಿಗೆ ಆಶೀರ್ವಾದ.

ನಿನ್ನ ಕಾಗದ ಓದಿ ನನ್ನ ಹೊಟ್ಟೆ ಉರಿದು ಹೋಯಿತು. ಆ ಪೈಪಿನವನು ನನ್ನ ಕೈಗೆ ಸಿಕ್ಕಿದ್ದರೆ ರೇಷ್ಮೆಗೂಡಿನ ಹಾಗೆ ಕುದಿಯುವ ನೀರಿಗೆ ಹಾಕಿ ಎಳೆ ತೆಗೆದುಬಿಡುತ್ತಿದ್ದೆ. ನಕ್ಷತ್ರದ ಮಾತು ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಅಂಟಿನ ಮಾತು ಮಾತ್ರ ಪೂರ್ತಿ ತಿಳಿಯಿತು. ಅಂಟಿನ ವಿಷಯವನ್ನು ಕೊಳ್ಳೇಗಾಲದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ದೀಪಾವಳಿಗೆ ಮನೆ ತೊಳೆಯುವಾಗ ಟ್ರಂಕನ್ನು ಇಳಿಸಿದೆ. ನೀನು ಬೈಯುತ್ತೀಯ ಅಂತ ಗೊತ್ತು, ಪೂರ್ತಿ ಓದಿ ಆಮೇಲೆ ಬೈ. ಗಾಜುಗಳನ್ನು ತೆಗೆದು ಬೆಳಕಿಗೆ ಹಿಡಿದು ನೋಡಿದೆ. ಒಂದು ಕಡೆ ನುಣುಪು, ಇನ್ನೊಂದು ಕಡೆ ಉಗುರಿಗೆ ಸಿಗುವ ಹಾಗೆ ಅಂಟಿನ ಪೊರೆ. ಅದರ ಮೇಲೆ ಅಲ್ಲಲ್ಲಿ ಬೂಷ್ಟು, ನಡುವೆ ಕರ್ರಗೆ ಗೀಚಿದ ಹಾಗೆ ಗೆರೆಗಳು. ಇದೇ ಆ ದೋಷ ಅಂತ ನೋಡಿದ ತಕ್ಷಣ ಗೊತ್ತಾಯಿತು. ಚರಕದಿಂದ ಬಂದ ರೇಷ್ಮೆಯನ್ನು ನೋಡು, ಒರಟು, ಮಂಕು. ನೋಡಿದವರು ಇದು ರೇಷ್ಮೆಯಾ ಅನ್ನಬೇಕು. ಸೋಪು ಸೋಡಾ ಹಾಕಿ ಕುದಿಸಿ ಅಂಟು ಬಿಡಿಸಿದರೆ ಒಳಗಿನ ಹೊಳಪು ತಾನಾಗಿ ಎದ್ದು ಬರುತ್ತದೆ. ಹೊಳಪು ಯಾವತ್ತೂ ಅಂಟಿನ ಒಳಗೇ ಇರುತ್ತದೆ. ನಿನ್ನ ನಕ್ಷತ್ರವೂ ಹಾಗೇ ಅಂದುಕೊಂಡೆ.

ಬೇರೆಯವರ ಕೈಗೆ ಕೊಡಲಿಲ್ಲ, ನಾನೇ ಕೂತೆ. ಮದುವೆ ಸೀರೆಯ ಲಡಿಗೂ ಅಷ್ಟು ಜೋಪಾನ ಮಾಡಿಲ್ಲ. ಬಟ್ಟೆಯಲ್ಲಿ ಸುತ್ತಿ, ಉರಿ ಸಣ್ಣಗಿಟ್ಟು ಬಿಟ್ಟೆ. ಅಂಟು ಎಷ್ಟು ಚೆನ್ನಾಗಿ ಬಿಟ್ಟುಕೊಂಡಿತು ಅಂತೀಯ! ಕಪ್ಪು ಗೆರೆಗಳೆಲ್ಲ ಸಿಪ್ಪೆಯ ಹಾಗೆ ಎದ್ದು ಹೋದವು, ನೀರು ಮಾತ್ರ ಬೂದಿ ಬಣ್ಣವಾಯಿತು. ಈಗ ಬಿಸಿಲಿಗೆ ಹಿಡಿದರೆ ಗಾಜು ಇದೆಯೋ ಇಲ್ಲವೋ ಅನ್ನಬೇಕು, ಅಷ್ಟು ಚೊಕ್ಕ. ನಡುವೆ ಹಳೆಯ ಪಂಚೆ ಇಟ್ಟು ಮತ್ತೆ ಜೋಡಿಸಿದ್ದೇನೆ. ನಿನ್ನ ದೊಡ್ಡವರ ಮುಂದೆ ಇಟ್ಟು, ಎಲ್ಲಿದೆಯಪ್ಪ ಅಂಟು, ತೋರಿಸು ಅನ್ನು.

ಒಂದು ಗಾಜಿನ ಮೂಲೆ ಒಡೆದಿತ್ತು. ಒಡೆದದ್ದು ನಿನ್ನ ಸಮಿತಿಗೆ ಯಾಕೆ ಅಂತ ಪಕ್ಕಕ್ಕಿಟ್ಟಿದ್ದೆ. ಪಕ್ಕದ ಮನೆಯ ಚಿಕ್ಕನಿಂಗಮ್ಮ ತೀರಿಹೋದ ಅವಳ ಮಾವನ ಫೋಟೋಗೆ ಕಟ್ಟಿಸುತ್ತೇನೆ ಅಂತ ಕೇಳಿದಳು, ಕೊಟ್ಟೆ.

ಬರುವ ದಿನ ತಿಳಿಸು. ಮಾದಸ್ವಾಮಿಯನ್ನು ಬಸ್ ಸ್ಟ್ಯಾಂಡಿಗೆ ಕಳಿಸುತ್ತೇನೆ.

ಇಂತಿ ನಿನ್ನ ಅಕ್ಕ,
ವೀರಮ್ಮ


ಬೆಟ್ಟದ ವೀಕ್ಷಣಾಲಯ
೨೭ ನವೆಂಬರ್ ೧೯೭೨

ಶ್ರೀಮತಿ ವೀರಮ್ಮನವರಿಗೆ,

ನಿಮ್ಮ ಕಾಗದ ತಲುಪಿತು. ಟ್ರಂಕನ್ನು ಕಳಿಸುವ ಅಗತ್ಯವಿಲ್ಲ. ನಾನೂ ಬರುವುದಿಲ್ಲ.

ಆ ಅಂಟೇ ಚಿತ್ರ. ನೀವು ಸಿಪ್ಪೆಯ ಹಾಗೆ ಎದ್ದು ಹೋಯಿತು ಎಂದು ಬರೆದಿದ್ದೀರಲ್ಲ, ಆ ಕಪ್ಪು ಗೆರೆಗಳೇ ನಕ್ಷತ್ರಗಳ ಬೆಳಕು. ಅವು ಗಾಜಿನ ಒಳಗಿರಲಿಲ್ಲ, ಅಂಟಿನಲ್ಲಿದ್ದವು. ಗಾಜು ಬರೀ ಗಾಜು. ಅದನ್ನು ಯಾವ ಅಂಗಡಿಯಲ್ಲಾದರೂ ಕೊಳ್ಳಬಹುದು. ನಾಲ್ಕು ಚಳಿಗಾಲ ನಾನು ಕಾಲು ಮರಗಟ್ಟಿಸಿಕೊಂಡು, ಒಂದೊಂದು ಗೆರೆಗೂ ಗಂಟೆಗಟ್ಟಲೆ ನಿಂತು, ನಕ್ಷತ್ರ ಕೂದಲೆಳೆಯಷ್ಟು ಆಚೀಚೆ ಸರಿಯದಂತೆ ಕಣ್ಣು ಅಂಟಿಸಿಕೊಂಡು ಹಿಡಿದದ್ದನ್ನು ನೀವು ಸೋಪಿನ ನೀರಿನಲ್ಲಿ ಚರಂಡಿಗೆ ಬಿಟ್ಟಿರಿ. ಬೂದಿ ಬಣ್ಣದ ನೀರು ಎಂದಿರಿ. ಆ ನೀರು ನನ್ನ ನಾಲ್ಕು ವರ್ಷ.

ಮತ್ತೆ ತೆಗೆಯಬಹುದಲ್ಲ ಅನ್ನಬೇಡಿ. ಮತ್ತೆ ತೆಗೆಯಲು ದೂರದರ್ಶಕ ಬೇಕು. ಅದು ಸಿಗಬೇಕಾದರೆ ತೆಗೆದದ್ದನ್ನು ತೋರಿಸಬೇಕು. ತೋರಿಸಬೇಕಾದದ್ದು ನಿಮ್ಮ ಹಳೆಯ ಪಂಚೆಗಳ ನಡುವೆ ಚೊಕ್ಕವಾಗಿ ಮಲಗಿದೆ.

ಒಂದೇ ಮಾತು ಕೇಳಿದ್ದೆ, ಮುಟ್ಟಬೇಡಿ ಅಂತ. ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ನನ್ನ ಪುಸ್ತಕದ ಹಾಳೆ ಹರಿದು ಹಪ್ಪಳಕ್ಕೆ ಹಾಸಿದಿರಿ. ನಕ್ಕು ಸುಮ್ಮನಾದೆ. ಆಗಲೇ ಕಿರುಚಬೇಕಿತ್ತು.

ಮದುವೆಗೆ ನನ್ನನ್ನು ಕಾಯಬೇಡಿ. ಷಡಕ್ಷರಿಗೆ ಪ್ರತ್ಯೇಕವಾಗಿ ಬರೆಯುತ್ತೇನೆ. ಹುಡುಗನ ಮೇಲೆ ನನಗೆ ಕೋಪವಿಲ್ಲ.

ಇತಿ,
ಎಸ್. ಸುವರ್ಣಮ್ಮ


ಕೊಳ್ಳೇಗಾಲ
೨೧ ಜನವರಿ ೧೯೭೩

ಸುವರ್ಣ,

ಎರಡು ತಿಂಗಳು ನಾನು ಕಾಗದ ಮುಟ್ಟಲಿಲ್ಲ. ಮುಟ್ಟಿದ್ದೆಲ್ಲ ಹಾಳಾಗುತ್ತೆ ಅಂತ ನೀನು ಬರೆದ ಮೇಲೆ ಪೆನ್ನು ಮುಟ್ಟೋಕೂ ಹೆದರಿಕೆ.

ಶ್ರೀಮತಿ ವೀರಮ್ಮನವರು ಅಂದೆಯಲ್ಲ. ಬಾಣಂತನದಲ್ಲಿ ಅವ್ವ ಜ್ವರ ಬಂದು ಮಲಗಿದಾಗ ನಿನ್ನನ್ನು ಕಂಕುಳಿಂದ ಇಳಿಸದೆ ಇದ್ದವಳಿಗೆ ಶ್ರೀಮತಿ. ಇರಲಿ. ನಿಮ್ಮ ಭಾವ ಆ ಕಾಗದ ಓದಿ, "ಎಂಗಸ್ರು ಜಗಳಕ್ಕೆ ಈಗ ನಕ್ಷತ್ರವೂ ಬೇಕಾಯ್ತಾ?" ಅಂದರು. ಅವರಿಗೂ ಸರಿಯಾಗಿ ಹೇಳಿದ್ದೇನೆ. ಆ ದಿನ ನಾನು ಊಟಕ್ಕೆ ಬಡಿಸಲಿಲ್ಲ.

ನಾನು ಮಾಡಿದ್ದು ತಪ್ಪಾಯಿತು. ಆದರೆ ಒಂದು ಮಾತು ಕೇಳುತ್ತೇನೆ, ಉತ್ತರ ಬರಿ. ಸೇಲಂನಲ್ಲಿ ಮಾದಸ್ವಾಮಿಯ ಕೈಗೆ ಟ್ರಂಕು ಕೊಡುವಾಗ ಇದರಲ್ಲಿ ನಕ್ಷತ್ರದ ಚಿತ್ರ ಇದೆ ಕಣಪ್ಪ, ಹುಷಾರು ಅಂತ ನೀನೇ ಹೇಳಿದೆಯಂತೆ. ಅದಕ್ಕೇ ಅವನು ಬಸ್ಸಿನಲ್ಲಿ ಚುಕ್ಕಿ ಚುಕ್ಕಿ ಅಂದುಕೊಂಡು ತೊಡೆಯ ಮೇಲೆ ಹೊತ್ತು ತಂದ. ನನಗೆ ಏನು ಬರೆದೆ? ಗಾಜು ಅಂತ ಬರೆದೆ. ವಿವರಿಸಿದರೆ ನಿನಗೆ ಬೇಸರ ಅಂತ ಬರೆದೆ. ಹೊರುವವನಿಗೆ ನಕ್ಷತ್ರ, ಇಟ್ಟುಕೊಳ್ಳುವವಳಿಗೆ ಗಾಜು. ನಾನು ಮೇಲಟ್ಟವಾ? ಬೀರುವಾ? ನಿಮ್ಮ ದೊಡ್ಡವರು ನಿನಗೆ ಬೀರು ಕೊಡಲಿಲ್ಲ ಅಂತ ಅತ್ತುಕೊಂಡೆ, ನೀನು ನನ್ನನ್ನೇ ಬೀರು ಮಾಡಿಕೊಂಡೆ. ಬೀರುವಿಗೆ ಬಾಯಿ ಇಲ್ಲ, ಬುದ್ಧಿಯೂ ಇಲ್ಲ. ಆದರೆ ನನಗೆ ಇದೆ ಕಣೇ. ಇದ್ದದ್ದಕ್ಕೇ ಇದೆಲ್ಲ ಆಗಿದ್ದು. ದಡ್ಡಿಯಾಗಿದ್ದರೆ ನಿನ್ನ ಕಾಗದವನ್ನು ಅಷ್ಟು ಗಮನಕೊಟ್ಟು ಓದುತ್ತಿರಲಿಲ್ಲ, ಟ್ರಂಕು ಅಲ್ಲೇ ಬಿದ್ದಿರುತ್ತಿತ್ತು.

ಇನ್ನೊಂದು. ಮಗ್ಗುಲಲ್ಲಿ ಜೊತೆ ಕಟ್ಟಿದ ನಕ್ಷತ್ರ ಬೇಗ ಬೇಗ ತಿರುಗುತ್ತೆ, ತಿರುಗಿದಷ್ಟೂ ಬಿಗಿದುಕೊಂಡು ಉರಿಯುತ್ತೆ ಅಂತ ಬರೆದಿದ್ದೆ. ಅದನ್ನು ತಿಳಿಯೋಕೆ ಬೆಟ್ಟ ಹತ್ತಬೇಕಿತ್ತಾ? ಬೆಳಗ್ಗೆ ಹೊತ್ತು ನಮ್ಮ ಅಡುಗೆಮನೆಗೆ ಬಂದು ನಿಂತಿದ್ದರೆ ಸಾಕಿತ್ತು. ಒಲೆ ಬಿಟ್ಟವಳಿಗೆ ಉರಿ ಉಂಟೋ ಇಲ್ಲವೋ ನನಗೆ ಗೊತ್ತಿಲ್ಲ. ಒಲೆ ಹತ್ತಿರ ಇರುವವಳನ್ನು ಒಂದು ಸಲ ಕೇಳು.

ಮದುವೆ ಫೆಬ್ರವರಿ ಹನ್ನೊಂದಕ್ಕೆ. ಬಾ ಅಂತ ಕರೆಯುತ್ತಿಲ್ಲ, ತಿಳಿಸುತ್ತಿದ್ದೇನೆ.

ವೀರಮ್ಮ


ಬೆಟ್ಟದ ವೀಕ್ಷಣಾಲಯ
೧೧ ಮಾರ್ಚ್ ೧೯೭೩

ವೀರಕ್ಕ,

ನಾನು ನಿನ್ನನ್ನು ಕ್ಷಮಿಸಿಲ್ಲ. ನೀನು ನನ್ನನ್ನು ಕ್ಷಮಿಸು ಎಂದು ಕೇಳಲೂ ಬರೆಯುತ್ತಿಲ್ಲ. ಮಾದಸ್ವಾಮಿಗೆ ಹೇಳಿದ್ದನ್ನು ನಿನಗೆ ಬರೆಯಲಿಲ್ಲ ಅನ್ನುವುದು ನಿಜ, ಅದನ್ನು ಒಪ್ಪಿಕೊಳ್ಳಲು ಇಷ್ಟು ದಿನ ಬೇಕಾಯಿತು. ಷಡಕ್ಷರಿಯ ಮದುವೆಯ ದಿನ ಬೆಳಗ್ಗೆ ಸೀರೆ ಉಟ್ಟು ತಯಾರಾಗಿ ಇಲ್ಲೇ ಕೂತಿದ್ದೆ. ಕೂತೇ ಇದ್ದೆ. ಬಸ್ಸು ಹೋಯಿತು.

ಡಿಸೆಂಬರಿನ ಸಮಿತಿಯ ಕಥೆ ಕೇಳು. ನನ್ನ ಅಳತೆಯ ಹಾಳೆಗಳನ್ನು ಮುಂದಿಟ್ಟೆ. ಪ್ಲೇಟುಗಳೆಲ್ಲಿ, ಅಂದರೆ ಆ ಗಾಜುಗಳೆಲ್ಲಿ, ಎಂದರು. ಮನೆಯಲ್ಲಿ ತೊಳೆದುಬಿಟ್ಟರು ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಬಂದವರಲ್ಲಿ ಒಬ್ಬ, "ಸೀರೆಗಳ ಜೊತೆಗೋ, ಬೇರೆಯಾಗಿಯೋ?" ಎಂದ. ಕೋಣೆಯೇ ನಕ್ಕಿತು. ನಿನ್ನ ಮೇಲೆ ಅಷ್ಟು ಕೋಪವಿಟ್ಟುಕೊಂಡವಳು, ಆ ಕ್ಷಣ ಎದ್ದು ನಿಂತು, "ತೊಳೆದವರು ನನ್ನ ಅಕ್ಕ, ನಿಮ್ಮೆಲ್ಲರಿಗಿಂತ ಚೆನ್ನಾಗಿ ಅಂಟಿನ ವಿಷಯ ಬಲ್ಲವರು," ಎಂದುಬಿಟ್ಟೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ. ಇನ್ನೂ ಜೋರಾಗಿ ನಕ್ಕರು. ಆ ನಗುವನ್ನು ಸಾಯುವವರೆಗೂ ಮರೆಯುವುದಿಲ್ಲ.

ಸಮಿತಿಯ ಹಿರಿಯರೊಬ್ಬರು ಮಾತ್ರ ನಗಲಿಲ್ಲ. ಮೇ ಕೊನೆಯೊಳಗೆ ಒಂದೇ ಒಂದು ಪ್ಲೇಟನ್ನಾದರೂ ತೋರಿಸಿದರೆ ನನಗೆ ಮತ್ತೊಂದು ಚಳಿಗಾಲ ಕೊಡಿಸುವುದಾಗಿ ಹೇಳಿದರು. ಇಲ್ಲದಿದ್ದರೆ ದೂರದರ್ಶಕ ನಕ್ಕ ಹುಡುಗರ ಪಾಲು. ನಾನು ಮೈಸೂರಿಗೆ ಹಿಂದಿರುಗಿ ಬಿ.ಎಸ್ಸಿ. ಮಕ್ಕಳಿಗೆ ಲೋಲಕ ತೂಗಾಡಿಸಬೇಕು.

ನಿನ್ನೆ ನಿನ್ನ ದೀಪಾವಳಿಯ ಕಾಗದವನ್ನು ಮತ್ತೆ ತೆಗೆದು ಓದಿದೆ. ಮೊದಲ ಸಲ ಓದುವಾಗ ಸಿಟ್ಟಿನಲ್ಲಿ ಕೊನೆಯ ಸಾಲುಗಳು ಕಣ್ಣಿಗೆ ಬಿದ್ದಿರಲೇ ಇಲ್ಲ. ಮೂಲೆ ಒಡೆದದ್ದನ್ನು ಪಕ್ಕಕ್ಕಿಟ್ಟಿದ್ದೆ, ಚಿಕ್ಕನಿಂಗಮ್ಮನಿಗೆ ಕೊಟ್ಟೆ ಎಂದಿದ್ದೀಯ. ಪಕ್ಕಕ್ಕಿಟ್ಟದ್ದು ಕುದಿಸುವ ಮೊದಲೋ, ಆಮೇಲೋ? ಆ ಮೂಲೆಯನ್ನು ಒಡೆದವಳು ನಾನೇ, ಚೌಕಟ್ಟಿನಿಂದ ತೆಗೆಯುವಾಗ.

ಈ ಸಲ ಎಲ್ಲವನ್ನೂ ಬಿಡಿಸಿ ಬರೆಯುತ್ತೇನೆ, ಬೇಸರವಾದರೂ ಓದು. ಪ್ರತಿ ಗಾಜಿನ ಮೇಲೂ ಬೆರಳುದ್ದದ ಮೂರು ಗೆರೆಗಳಿದ್ದವು. ನಡುವಿನದು ನಕ್ಷತ್ರದ ಬೆಳಕು. ಮೇಲಿನದೂ ಕೆಳಗಿನದೂ ಇಲ್ಲೇ ಕಬ್ಬಿಣವನ್ನು ಉರಿಸಿ ಹಿಡಿದ ಬೆಳಕು, ಅಳತೆಗೋಲಿನ ಹಾಗೆ. ಎಲ್ಲದರಲ್ಲೂ ಮೂರು ಗೆರೆಯ ಒಂದೇ ಕಟ್ಟು. ಎರಡು ನಕ್ಷತ್ರಗಳನ್ನು ಒಟ್ಟಿಗೆ ಹಿಡಿದದ್ದು ಆ ಒಡೆದ ಮೂಲೆಯ ಗಾಜು ಮಾತ್ರ. ಅದರಲ್ಲಿ ಮೂರು ಗೆರೆ, ಒಂದಿಷ್ಟು ಜಾಗ ಬಿಟ್ಟು ಕೆಳಗೆ ಮತ್ತೆ ಮೂರು ಗೆರೆ.

ಹೋಗಿ ನೋಡು. ತೊಳೆದಿದ್ದರೆ ತೊಳೆದಿದೆ ಎಂದು ಒಂದು ಕಾರ್ಡು ಬರಿ, ಸಾಕು.

ನಿನ್ನ ತಂಗಿ,
ಸುವರ್ಣ


ಕೊಳ್ಳೇಗಾಲ
೩೦ ಮಾರ್ಚ್ ೧೯೭೩

ಸುವರ್ಣ,

ಪಕ್ಕಕ್ಕಿಟ್ಟದ್ದು ಕುದಿಸುವ ಮೊದಲು. ಒಡೆದ ಅಂಚು ಬಟ್ಟೆ ಕುಯ್ಯುತ್ತೆ ಅಂತ ಅದನ್ನು ಪಾತ್ರೆಗೇ ಹಾಕಿರಲಿಲ್ಲ. ಆದರೆ ಚಿಕ್ಕನಿಂಗಮ್ಮ ತೊಳೆದೇ ಕಟ್ಟಿಸಿರುತ್ತಾಳೆ ಅಂದುಕೊಂಡೆ. ಅವಳು ತೊಳೆಯದೆ ಬಿಡುವ ಹೆಂಗಸಲ್ಲ, ನೀರು ಕಂಡರೆ ನೀರನ್ನೂ ತೊಳೆಯುವವಳು.

ಎರಡು ದಿನ ಹೋಗಲಿಲ್ಲ. ನೀನು ಕರೆದಾಗಲೆಲ್ಲ ಓಡುವವಳು ನಾನಲ್ಲ ಅಂತ ಕೂತೆ. ಮೂರನೇ ದಿನ ಸಂಜೆ ಹೋದೆ. ನಡುಮನೆಯ ಗೋಡೆಯಲ್ಲಿ ಅವಳ ಮಾವ ಪುಟ್ಟಮಾದಯ್ಯನ ಫೋಟೋ ಇದೆ. ನಿನಗೆ ನೆನಪಿರಬಹುದು, ಕಾಮಗೆರೆಯಿಂದ ನಮಗೆ ಹಿಪ್ಪುನೇರಳೆ ಸೊಪ್ಪು ತರುತ್ತಿದ್ದ ಮುದುಕ. ಚೆಂಡುಹೂವಿನ ಹಾರ ಹಾಕಿತ್ತು. ಹಾರವನ್ನು ಸರಿಸಿ ನೋಡಿದೆ.

ಇದೆ. ಹಣೆಯ ಮೇಲೆ ಮೂರು ಗೆರೆ. ಅಷ್ಟು ಜಾಗ ಬಿಟ್ಟು, ಕೆಳಗೆ ಎದೆಯ ಮೇಲೆ ಮೂರು ಗೆರೆ. ಫೋಟೋದ ಕಪ್ಪಿನ ಮೇಲೆ ಬೂದಿ ಬಣ್ಣವಾಗಿ ಕಾಣುತ್ತವೆ, ಯಾರೋ ಬೆರಳಲ್ಲಿ ಎಳೆದ ಹಾಗೆ. ಕಣ್ಣು ಹತ್ತಿರ ಇಟ್ಟು ನೋಡಿದರೆ ಗೆರೆಯೊಳಗೆ ಬಾಚಣಿಗೆಯ ಹಲ್ಲಿನ ಹಾಗೆ ಸಣ್ಣ ಸಣ್ಣ ಸೀಳುಗಳಿವೆ. ನೀನು ಬರೆದ ಕಂದಕ, ಅದರ ತಳದ ದೀಪ ನನಗೆ ಕಾಣಲಿಲ್ಲ. ಕಂಡಿತು ಅಂತ ಸುಳ್ಳು ಬರೆಯುವುದಿಲ್ಲ.

"ಗಾಜನ್ನು ಯಾಕೆ ತೊಳೆಯಲಿಲ್ಲ ಕಣೇ?" ಅಂದೆ. ಅವಳು ಹೇಳಿದ್ದು ಹೀಗೆ: "ತೊಳಿಯಕ್ಕೆ ಅಂತ್ಲೇ ತಕಂಡೆ ಕಣವ್ವ. ಸುಮ್ಕೆ ಅಳ್ತೆ ನೋಡವ ಅಂತ ಫೋಟೋ ಮ್ಯಾಲೆ ಮಡಗ್ದೆ. ಮಡಗ್ದೇಟ್ಗೆ ಅಣೆ ಮ್ಯಾಲೆ ಮೂರು, ಎದೆ ಮ್ಯಾಲೆ ಮೂರು, ಇಬೂತಿ ಬಂದ್ ಕುಂತ್ಬುಡ್ತು! ನಮ್ ಮಾವ ಆಸ್ಪತ್ರೇಲಿ ಸತ್ತಾಗ ಅಣೆಗೆ ಇಬೂತಿ ಇಕ್ನಿಲ್ಲ ಅಂತ ನಮ್ಮತ್ತೆ ಸಾಯೋಗಂಟ ಕೊರಗ್ದೋ. ಅವ್ರಿಗ್ ಬೇಕಾದ್ದ ಅವ್ರೇ ತರುಸ್ಕಂಡವ್ರೆ. ಅದ ಅಳ್ಸಕ್ಕೆ ನಂಗೇನು ಉಚ್ಚಾ?"

ಅದು ನನ್ನ ತಂಗಿಯದು, ಅವರ ದೊಡ್ಡ ಆಫೀಸರಿಗೆ ತೋರಿಸಬೇಕು, ಅವಳ ಬದುಕು ಅದರ ಮೇಲೆ ನಿಂತಿದೆ, ಕೊಡೇ ಅಂದೆ. ಅದರ ಬದಲು ಅಂಗಡಿಯಿಂದ ಒಳ್ಳೆಯ ಗಾಜು ಹಾಕಿಸಿಕೊಡುತ್ತೇನೆ, ಹೊಸ ಚೌಕಟ್ಟು ಮಾಡಿಸಿಕೊಡುತ್ತೇನೆ ಅಂದೆ. "ಇಬೂತಿ ಇರೋ ಗಾಜು ಅಂಗ್ಡೀಲಿ ಸಿಕ್ತದಾ?" ಅಂದಳು. ನನಗೆ ಸಿಟ್ಟು ನೆತ್ತಿಗೇರಿತು. ಅದು ವಿಭೂತಿಯಲ್ಲ, ಕಬ್ಬಿಣ ಸುಟ್ಟ ಬೆಳಕು, ಕ್ಯಾಲ್ಸಿಯಂ, ಕಂದಕ, ನಿಧಾನದ ನಕ್ಷತ್ರ, ವೇಗದ ನಕ್ಷತ್ರ ಅಂತ ನೀನು ಬರೆದದ್ದನ್ನೆಲ್ಲ ಬಾಯಿಗೆ ಬಂದ ಹಾಗೆ ಹೇಳಿದೆ. ಅವಳ ಗಂಡ ಮಾದಣ್ಣ ಊಟಕ್ಕೆ ಕೂತಿದ್ದವನು, "ವೀರಕ್ಕಾರೆ, ನೀವೂ ಎಂಎ ಓದ್ಬುಟ್ರಾ?" ಅಂದ. ಆಡಿದ್ದರಲ್ಲಿ ಎಷ್ಟು ಸರಿ, ಎಷ್ಟು ತಪ್ಪು ನನಗೆ ಗೊತ್ತಿಲ್ಲ. ಆದರೆ ಜೀವಮಾನದಲ್ಲಿ ಮೊದಲ ಸಲ ನಿನ್ನ ಕೆಲಸದ ಪರವಾಗಿ ಒಬ್ಬಳ ಜೊತೆ ಬೀದಿಗೆ ಕೇಳುವ ಹಾಗೆ ಜಗಳವಾಡಿದೆ. ಗಾಜು ಸಿಗಲಿಲ್ಲ.

ಕದ್ದು ತರಬಹುದಿತ್ತು. ಯುಗಾದಿಗೆ ಅವರೆಲ್ಲ ಮಾದಪ್ಪನ ಬೆಟ್ಟಕ್ಕೆ ಹೋಗುತ್ತಾರೆ, ಬೀಗದ ಕೈ ನನ್ನ ಹತ್ತಿರವೇ ಕೊಡುತ್ತಾರೆ. ಆದರೆ ಒಂದು ಸಲ ನಿನ್ನನ್ನು ಕೇಳದೆ ಮುಟ್ಟಿ ಆಗಿದ್ದು ಸಾಕು. ಇನ್ನೊಬ್ಬರ ಮನೆಯದನ್ನೂ ಹಾಗೆ ಮುಟ್ಟಲಾರೆ.

ನನಗೂ ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ಸಮಿತಿಯವರ ಮುಂದೆ ನೀನು ನನ್ನ ಬಗ್ಗೆ ಆಡಿದ ಮಾತನ್ನು ಮಾತ್ರ ನಿಮ್ಮ ಭಾವನಿಗೆ ಎರಡು ಸಲ ಓದಿ ಹೇಳಿದೆ.

ನಿನ್ನ ಅಕ್ಕ,
ವೀರಮ್ಮ

ಸಹಿ ಹಾಕಿದ ಮೇಲೆ ನೆನಪಾಯಿತು. ಜಗಳ ಮಾಡಿಕೊಂಡು ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಿದ್ದೆ. ಚಿಕ್ಕನಿಂಗಮ್ಮ ಬಾಗಿಲವರೆಗೂ ಬಂದು, ಕದಕ್ಕೆ ಕೈಕೊಟ್ಟು ನಿಂತು, ನಿನಗೆ ಬರೆಯಲು ಹೇಳಿದಳು. ಅವಳು ಅಂದ ಹಾಗೇ ಬರೆದಿದ್ದೇನೆ:

"ಗಾಜು ಗ್ವಾಡೆ ಬುಟ್ಟು ಇಳಿಯಕ್ಕಿಲ್ಲ ಕಣವ್ವ. ಆ ದೊಡ್ ಆಪೀಸರ್ನ ಬೇಕಾರೆ ಇಲ್ಲಿಗೇ ಕರ್ಕಬರ್ಲಿ, ಚಾಪೆ ಆಸ್ತೀನಿ, ಎಷ್ಟೊತ್ತಾರ ನೋಡ್ಲಿ. ನಿನ್ ತಂಗಿ ಮದ್ವೆಗಂತೂ ಬರ್ನಿಲ್ಲ. ನಮ್ ಮಾವನ್ ಇಬೂತಿಗಾದ್ರೂ ಬತ್ತಾಳಾ ಕೇಳು."